ಹೂಲಿ ರಸ್ತೆಯ ಹಂತಿ

2025ರ ಡಿಸೆಂಬರ್ 16, ಮಂಗಳವಾರ, ಬೆಳಿಗ್ಗೆ 11 ಗಂಟೆ 42 ನಿಮಿಷ. ಹೂಲಿ ಇನ್ನೂ ಮೂರು ಕಿಲೋಮೀಟರ್ ಇತ್ತು. ಲಾರಿ ಗಂಟೆಗೆ 41 ಕಿಲೋಮೀಟರ್ ವೇಗದಲ್ಲಿತ್ತು. ಹಿಂದೆ ಹದಿನಾರು ಟನ್ ಸಿಮೆಂಟ್. ಡ್ರೈವರ್ ಸೀಟಿನಲ್ಲಿ ಮಲ್ಲಿಕಸಾಬ ಕಾಕಾ ಕೂತಿದ್ದರು. ಅವರ ಎರಡೂ ಕೈ ತೊಡೆಯ ಮೇಲಿದ್ದವು. ಸ್ಟೇರಿಂಗ್ ತಾನೇ ತಿರುಗುತ್ತಿತ್ತು.

ಪಕ್ಕದಲ್ಲಿ ನಾನು, ಸಂಘಮಿತ್ರಾ. ಕೈಯಲ್ಲಿ ಒಂದು ಟ್ಯಾಬ್. ಕಾಕಾ ಸ್ಟೇರಿಂಗನ್ನೋ ಬ್ರೇಕನ್ನೋ ಮುಟ್ಟಿದರೆ ಸಮಯ, ಜಾಗ, ಕಾರಣ ಮೂರನ್ನೂ ಬರೆಯುವುದು ಆ ದಿನದ ನನ್ನ ಕೆಲಸ.

ರಾಮದುರ್ಗದಿಂದ ಸವದತ್ತಿ ಮೇಲೆ ಹಾದು ಬೈಲಹೊಂಗಲಕ್ಕೆ ಬರುವ ಪರೀಕ್ಷೆಯ ಲಾರಿ ಅದು. ಕಾಗದದಲ್ಲಿ ಯಂತ್ರದ ಹೆಸರು 'ಚಾಲಕ ಸಹಾಯಕ'. ಅಂದರೆ ಕಾನೂನಿನ ಲೆಕ್ಕಕ್ಕೆ ಲಾರಿ ಓಡಿಸುವವರು ಕಾಕಾ. ಯಾರಾದರೂ ಸತ್ತರೆ ಕೇಸು ಅವರ ಮೇಲೆ. ಆದರೆ ಕಂಪನಿಯ ನಿಯಮ ಬೇರೆ. ಕೈ ತೊಡೆಯ ಮೇಲಿರಬೇಕು. ಸುಮ್ಮನೆ ಮುಟ್ಟಿದರೆ ಅದು 'ಕಾರಣವಿಲ್ಲದ ಹಸ್ತಕ್ಷೇಪ'. ತಿಂಗಳಲ್ಲಿ ಅಂಥವು ಮೂರಾದರೆ ಕೆಲಸ ಹೋಗುತ್ತದೆ. ಕಾಕಾನ ಹೆಸರಿನ ಮುಂದೆ ಆಗಲೇ ಎರಡು ಇದ್ದವು. ಒಂದು ಸಲ ನೊಗ ಮುರಿದ ಚಕ್ಕಡಿ. ಇನ್ನೊಂದು ಸಲ ಕುಡಿದು ತೂರಾಡುತ್ತ ಬಂದ ಸೈಕಲ್ಲಿನವನು. ಎರಡರಲ್ಲೂ ಯಂತ್ರ ತಾನೇ ನಿಲ್ಲಿಸುತ್ತಿತ್ತು ಎಂದು ಕಚೇರಿ ಬರೆಯಿತು. ಅದು ನಿಜವೋ ಸುಳ್ಳೋ ತಿಳಿಯಲು ದಾರಿಯಿರಲಿಲ್ಲ. ಕಾಕಾ ಮೊದಲೇ ನಿಲ್ಲಿಸಿದ್ದರು.

ಅವರ ಮುಖದ ಎದುರಿಗೂ ಒಂದು ಕ್ಯಾಮೆರಾ ಇತ್ತು. ಅದು ಅವರ ಆಕಳಿಕೆ ಎಣಿಸುತ್ತಿತ್ತು. ರೆಪ್ಪೆ ಎಷ್ಟು ಹೊತ್ತು ಮುಚ್ಚಿತು ಎಂದು ಅಳೆಯುತ್ತಿತ್ತು. ಮೂತ್ರಕ್ಕೆ ಇಳಿದರೆ ನಿಮಿಷ ಬರೆದುಕೊಳ್ಳುತ್ತಿತ್ತು. ಶುಕ್ರವಾರ ಮಧ್ಯಾಹ್ನ ಮಸೀದಿಯ ಹತ್ತಿರ ನಿಂತದ್ದಕ್ಕೆ ಬೇರೆಯೇ ಒಂದು ಕಾಲಂ ಇತ್ತು.

ಇಪ್ಪತ್ತೇಳು ವರ್ಷ ಸ್ಟೇರಿಂಗ್ ಹಿಡಿದ ಅಂಗೈ ಅವರದು. ಹೆಬ್ಬೆರಳ ಬುಡದಲ್ಲಿ ಚರ್ಮ ಹಿಮ್ಮಡಿಯಂತೆ ಗಟ್ಟಿಯಾಗಿತ್ತು. ಆ ಕೈಗಳಿಗೆ ಸುಮ್ಮನೆ ಕೂರುವುದು ಗೊತ್ತಿರಲಿಲ್ಲ. ಪ್ಯಾಂಟಿನ ಬಟ್ಟೆಯನ್ನು ಹಿಂಡುತ್ತಿದ್ದವು, ಬಿಡುತ್ತಿದ್ದವು.

ಹಾಗಂತ ಕಾಕಾ ಯಂತ್ರವನ್ನು ಬೈಯುವವರಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ನನಗೆ ಹೇಳಿದ್ದರು. "ಇದಕ್ಕ ನಿದ್ದಿ ಬರೂದಿಲ್ಲಲ್ಲವಾ ಮಗಳ, ಅದೊಂದ ಸಾಕು ನನಗ." ಅವರ ತಮ್ಮ ಕಿತ್ತೂರಿನ ಹತ್ತಿರ ಹೈವೇಯಲ್ಲಿ ನಿಂತ ಲಾರಿಗೆ ಹಿಂದಿನಿಂದ ಗುದ್ದಿ ಸತ್ತಿದ್ದ. ಮೂರು ದಿನ ನಿದ್ದೆಯಿಲ್ಲದೆ ಓಡಿಸಿದ್ದ. ಇಂಥದೊಂದು ಇದ್ದಿದ್ದರೆ ತಮ್ಮ ಉಳಿಯುತ್ತಿದ್ದ ಎಂದು ನಂಬಿ ಕಾಕಾ ಬಂದಿದ್ದರು. ಎಂಟು ತಿಂಗಳು ತಾವೇ ಓಡಿಸಿ ಯಂತ್ರಕ್ಕೆ ದಾರಿ ಕಲಿಸಿದ್ದರು. ತಿರುವು, ಏರು, ತಗ್ಗು ಎಲ್ಲ ಅವರ ಕೈಯಿಂದಲೇ ಕಲಿತ ಯಂತ್ರ ಈಗ ಅವರ ಕೈಯನ್ನೇ ತೊಡೆಯ ಮೇಲೆ ಇಡಿಸಿತ್ತು.

ಕಲಿಸಿದವರಲ್ಲಿ ನಾನೂ ಒಬ್ಬಳು.

ನಾನು ನೇಸರಗಿಯವಳು. ಕಾಕಾನೂ ನಮ್ಮೂರವರೇ. ನನ್ನವ್ವ ಕಾಡವ್ವ ರಸ್ತೆಗೆ ಡಾಂಬರು ಹಾಕುವ ಗ್ಯಾಂಗಿನಲ್ಲಿ ಜಲ್ಲಿ ಹೊರುತ್ತಾಳೆ. ಅವಳ ಎಡಗಾಲಿನ ಮೇಲೆ ಡಾಂಬರು ಸುಟ್ಟ ಮೂರು ಕಲೆಗಳಿವೆ. ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದೆ. ನಮ್ಮ ಕೇರಿಯಲ್ಲಿ ಬುಟ್ಟಿ ಹೊರದೆ ಸಂಬಳ ತಂದ ಮೊದಲ ಹೆಣ್ಣು ನಾನು. ಬೈಲಹೊಂಗಲದಲ್ಲಿ ಕಂಪನಿಯ ಕಚೇರಿ. ನಲವತ್ತು ಹುಡುಗಿಯರು ಸಾಲಾಗಿ ಕೂತು ಲಾರಿಯ ಕ್ಯಾಮೆರಾ ತೆಗೆದ ಚಿತ್ರಗಳಿಗೆ ಬಣ್ಣ ತುಂಬುತ್ತೇವೆ. ರಸ್ತೆಗೆ ಹಸಿರು. ಮನುಷ್ಯರಿಗೆ ಕೆಂಪು. ದನಕ್ಕೆ ಹಳದಿ. ಪ್ಲಾಸ್ಟಿಕ್ ಚೀಲ, ಹರಿದ ಟೈರು, ಕಾಗದ ಇಂಥವಕ್ಕೆ ಬೂದು. ಬೂದು ಎಂದರೆ ಕಸ, ಲೆಕ್ಕಕ್ಕಿಲ್ಲ. ಯಂತ್ರ ಈ ಬಣ್ಣಗಳಿಂದಲೇ ನೋಡಲು ಕಲಿಯುತ್ತದೆ. ದಿನಕ್ಕೆ ಒಂಬತ್ತು ತಾಸು. ಸಂಜೆ ಬಸ್ಸಿನಲ್ಲಿ ಕಣ್ಣು ಮುಚ್ಚಿದರೂ ಹಸಿರು ಕಾಣುತ್ತದೆ.

ನವೆಂಬರ್ ಬಂದ ಮೇಲೆ ಒಂದು ತೊಡಕಾಯಿತು. ಈ ಕಡೆ ಹುರಳಿ ಕಿತ್ತು ರಸ್ತೆಯ ಮೇಲೆ ಹರವುತ್ತಾರೆ. ಮೊದಲೆಲ್ಲ ಕಣದಲ್ಲಿ ಎತ್ತು ಕಟ್ಟಿ ಸುತ್ತಲೂ ತುಳಿಸುತ್ತಿದ್ದರು. ಅದಕ್ಕೆ ಹಂತಿ ಎಂದು ಹೆಸರು. ಈಗ ಲಾರಿ ಬಸ್ಸುಗಳೇ ಎತ್ತು. ಗಾಲಿ ಹಾದರೆ ಕಾಯಿ ಒಡೆದು ಕಾಳು ಉದುರುತ್ತದೆ. ಹೆಣ್ಣುಮಕ್ಕಳು ದಂಡೆಯಲ್ಲಿ ನಿಂತು ಕೂಗುತ್ತಾರೆ, "ಡ್ರೈವರಣ್ಣಾ, ಒಂದ ಹಂತಿ ಹೊಡದು ಹೋಗೋ!" ಆಗಿನ್ನೂ ತಾವೇ ಓಡಿಸುತ್ತಿದ್ದ ಕಾಕಾ ವೇಗವನ್ನು ಹದಿನೈದಕ್ಕೆ ಇಳಿಸುತ್ತಿದ್ದರು. ಮುಂದಿನ ಲಾರಿ ಎಡಕ್ಕೆ ಹೋಗಿದ್ದರೆ ಇವರು ಬಲಕ್ಕೆ, ತುಳಿಯದೆ ಉಳಿದ ಕಡೆ, ಗಾಲಿ ಹಾಯಿಸುತ್ತಿದ್ದರು.

ಹುರಳಿಗೆ ನಮ್ಮಲ್ಲಿ ಬಣ್ಣವಿರಲಿಲ್ಲ. ನಾನು ಎದ್ದು ಹೋಗಿ ಶೀತಲ್ ಸರ್‌ಗೆ ಕೇಳಿದೆ. ಅವರು ನಮ್ಮ ಕಚೇರಿಯ ಮುಖ್ಯ ಎಂಜಿನಿಯರ್.

"ಎಲ್ಲಾ ಗಾಡಿ ಅದರ ಮ್ಯಾಲ ಹೊಂಟಾವಲ್ರಿ. ಅಂದ್ರ ರಸ್ತೆನ ಅದು. ಹಸಿರ ಹಾಕ್ರಿ."

"ರಾಶಿ ಮಾಡಿ ಒಟ್ಟಿಲ ಹಾಕಿದ್ದರ ಸರ್? ಅದರ ಹಿಂದ ಮಂದಿ ಕುಂತಿರ್ತಾರ."

"ಮಂದಿ ಕಂಡ್ರ ಕೆಂಪ ಹಾಕ್ರಿ. ಕಾಣದ್ದಕ್ಕ ಬಣ್ಣ ಹೆಂಗ ಹಾಕ್ತೀರಿ?"

ಮಾತು ತರ್ಕಕ್ಕೆ ಸರಿಯಾಗಿತ್ತು. ನಾನು ಹಸಿರು ಹಾಕಿದೆ. ಕಾಕಾ ಹುರಳಿಯ ಮೇಲೆ ವೇಗ ಇಳಿಸಿದ ಭಾಗಗಳನ್ನು ಶೀತಲ್ ಸರ್ 'ಅನಗತ್ಯ ನಿಧಾನ' ಎಂದು ತೆಗೆದುಹಾಕಿದರು. ಯಂತ್ರಕ್ಕೆ ಉಳಿದದ್ದು ಇಷ್ಟೇ: ಹುರಳಿ ಎಂದರೆ ರಸ್ತೆ, ನಲವತ್ತರಲ್ಲಿ ಹಾಯಬಹುದು.

11 ಗಂಟೆ 42 ನಿಮಿಷಕ್ಕೆ ರಸ್ತೆಯ ಎಡ ಅರ್ಧದಲ್ಲಿ ಹುರಳಿಯ ಒಟ್ಟಿಲು ಕಂಡಿತು. ಸೊಂಟದ ಎತ್ತರ. ಬಲಗಡೆ, ಎದುರಿನಿಂದ ಬಸ್ಸು ಬರುತ್ತಿತ್ತು. ಟ್ಯಾಬಿನ ಪರದೆಯಲ್ಲಿ ಒಟ್ಟಿಲು ಹಸಿರಾಗಿತ್ತು. ಯಂತ್ರ ಬಸ್ಸಿಗೆ ದಾರಿ ಬಿಟ್ಟು ಇನ್ನಷ್ಟು ಎಡಕ್ಕೆ ಸರಿಯಿತು.

"ಮಗಳ, ಅಲ್ಲಿ ಮಂದಿ ಅದಾರ."

ನಾನು ಕಿಟಕಿಯ ಹೊರಗೆ ನೋಡಲಿಲ್ಲ. ಪರದೆ ನೋಡಿದೆ.

"ಯಾರೂ ಕಾಣವಲ್ರು ಕಾಕಾ. ಹಸಿರೈತಿ."

ಕಾಕಾನ ಕೈ ತೊಡೆಯಿಂದ ಎದ್ದವು. ಬಲಗಾಲು ಬ್ರೇಕಿನ ಮೇಲೆ ಪೂರ್ತಿ ನಿಂತಿತು. ಅವರು ಸೀಟಿನಿಂದ ಮೇಲೆದ್ದುಬಿಟ್ಟಿದ್ದರು. ನನ್ನ ಹಣೆ ಮುಂದಿನ ಡ್ಯಾಶ್‌ಬೋರ್ಡಿಗೆ ಹೊಡೆಯಿತು. ಹಿಂದೆ ಸಿಮೆಂಟಿನ ಚೀಲಗಳು ದಬದಬ ಮುಂದೆ ಬಂದವು. ಟೈರು ಸುಟ್ಟ ವಾಸನೆ. ಬಸ್ಸು ಹಾರ್ನು ಬಾರಿಸುತ್ತ ಹಾದುಹೋಯಿತು. ಬಂಪರು ಒಟ್ಟಿಲಿನೊಳಗೆ ಹೊಕ್ಕು ಲಾರಿ ನಿಂತಿತು.

ಒಟ್ಟಿಲು ಅಲುಗಿತು. ಹುರಳಿ ಬಳ್ಳಿಯ ಬಣ್ಣದ್ದೇ ಗೋಣಿಚೀಲವನ್ನು ತಲೆಗೆ ಕೊಪ್ಪೆ ಹಾಕಿಕೊಂಡ ಒಬ್ಬ ಮುದುಕಿ ಅದರ ಹಿಂದಿನಿಂದ ಎದ್ದಳು. ಬಿಸಿಲಿಗೆ ಒಟ್ಟಿಲ ನೆರಳಲ್ಲಿ ಕೂತು ಬಡಿಗೆಯಿಂದ ಕಾಯಿ ಬಡಿಯುತ್ತಿದ್ದಳು.

"ಏ ಮೂಳಾ! ಕಣ್ಣೇನು ಅಡವಿಟ್ಟು ಬಂದೀಯೇನು? ಹಂತಿ ಹೊಡಿ ಅಂದ್ರ ನನ್ನ ಮ್ಯಾಲ ಹೊಡ್ಯಾಕ ಬಂದೀಯಲ್ಲೋ!"

ನಾವಿಬ್ಬರೂ ಇಳಿದೆವು. ಕಾಕಾ ರಸ್ತೆಯ ದಂಡೆಗೆ ಕೂತರು. ಮುದುಕಿ ಬಡಿಗೆ ಎತ್ತಿಕೊಂಡೇ ಬಂದಳು. ಅವರ ಮುಖ ನೋಡಿ ಬಡಿಗೆ ಕೆಳಗಿಟ್ಟಳು. ತನ್ನ ತಂಬಿಗೆಯ ನೀರು ಕೊಟ್ಟಳು.

"ಕುಡಿಯಪ್ಪಾ. ಉಳದೇನಲ್ಲಾ, ಇನ್ಯಾಕ ಹೆದರ್ತಿ? ಹಂಗ್ಯಾಕ ಓಡಸಾಕತ್ತಿದ್ದಿ?"

"ನಾ ಓಡಸಾಕತ್ತಿದ್ದಿಲ್ಲ ಯವ್ವಾ."

"ಮತ್ಯಾರು? ಈ ಹುಡುಗಿ?"

"ಅಕೀನೂ ಅಲ್ಲ. ಅದ ಓಡಸತೈತಿ."

ಮುದುಕಿ ಖಾಲಿ ಕ್ಯಾಬಿನ್ನಿನ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಕಾಕಾನ ಬಾಯಿಯ ಹತ್ತಿರ ಬಗ್ಗಿ ಮೂಸಿದಳು. "ಕುಡದಿಲ್ಲ ಮತ್ತ," ಎಂದಳು.

ಅವಳ ಹೆಸರು ತಾಯವ್ವ. ಹೊಲವಿಲ್ಲ. ಮಂದಿಯ ಹೊಲದಲ್ಲಿ ಹುರಳಿ ಕಿತ್ತು, ಕೊನೆಗೆ ಉಳಿದುಬಿದ್ದ ಬಳ್ಳಿ ಆಯ್ದು ತಂದಿದ್ದಳು. ಆ ಹಕ್ಕಲೇ ಅವಳ ವರ್ಷದ ಹುರಳಿ. ರಸ್ತೆಯಲ್ಲಿ ಯಾಕೆ ಕೂತೆ ಎಂದು ಕೇಳಿದೆ. ಕೇಳಬಾರದಿತ್ತು.

"ಗೌಡರ ಕಣದಾಗ ಕುಂದ್ರಲೇನು? ನಮ್ಮ ಕೇರಿ ಕಾಲು ಅವರ ಕಣಕ್ಕ ನಡೀತಾವೇನು? ರೋಡ ಆದ್ರ ಸರಕಾರದ್ದು. ಯಾರೂ ಏಳು ಅನ್ನೂದಿಲ್ಲ."

ನಮ್ಮ ಕೇರಿ ಎಂದಳು. ನಾನು ಯಾವ ಕೇರಿಯವಳೆಂದು ಅವಳಿಗೆ ಹೇಳಿರಲಿಲ್ಲ.

ಟ್ಯಾಬ್ ಸದ್ದು ಮಾಡಿತು. ಕಾರಣ ಬರೆಯಬೇಕಿತ್ತು. ನಾನು ಕಾಕಾನನ್ನು ಕೇಳಿದೆ. "ಆಕಿ ನಿಮಗ ಹೆಂಗ ಕಂಡ್ಲು?"

"ಆಕಿ ಎಲ್ಲಿ ಕಂಡ್ಲು? ಆಕಿ ಚಪ್ಪಲಿ ಕಂಡವು."

ದಂಡೆಯಲ್ಲಿ, ಹುರಳಿ ಶುರುವಾಗುವ ಕಡೆ, ಒಂದು ಜೊತೆ ಹವಾಯಿ ಚಪ್ಪಲಿ. ಒಂದರ ಬಾರಿಗೆ ಪಿನ್ನು ಚುಚ್ಚಿತ್ತು. ಜೋಡಾಗಿ, ನೆಟ್ಟಗೆ, ಬಿಟ್ಟವರು ಒಳಗಿದ್ದಾರೆ ಎನ್ನುವಂತೆ ಇದ್ದವು.

"ಕಾಳಿನ ಮ್ಯಾಲ ಯಾರರ ಚಪ್ಪಲಿ ಹಾಕ್ಕೊಂಡು ಕಾಲ ಇಡ್ತಾರೇನವಾ? ದಂಡಿಗೆ ಎಷ್ಟ ಜೋಡಿ ಅದಾವು ನೋಡೂದು, ದಂಡಿಗೆ ಎಷ್ಟ ಮಂದಿ ನಿಂತಾರ ಎಣಸೂದು. ಮಂದಿ ಕಡಿಮಿ ಬಂದ್ರು ಅಂದ್ರ ಒಬ್ರು ಒಳಗ ಅದಾರ. ಇದನ್ನ ಎಲ್ಲಾ ಡ್ರೈವರೂ ಮಾಡ್ತಾರ. ನಿನಗ ಗೊತ್ತಿಲ್ಲೇನು?"

ನನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ನಾನೂ ರಸ್ತೆಯ ದಂಡೆಯಲ್ಲಿ ಚಪ್ಪಲಿ ಬಿಟ್ಟು ಹುರಳಿ ಬಡಿದಿದ್ದೇನೆ. ಬಿಟ್ಟ ಜಾಗದಲ್ಲಿ ಚಪ್ಪಲಿ ಇದ್ದರೆ ಅವ್ವ ಒಳಗಿದ್ದಾಳೆ ಎಂದು ತಿಳಿಯುತ್ತಿದ್ದೆ. ಆದರೆ ಕಚೇರಿಯ ಕುರ್ಚಿಯಲ್ಲಿ ಕೂತಾಗ ಆ ತಿಳಿವಳಿಕೆ ನನ್ನ ಬೆರಳಿಗೆ ಬರಲಿಲ್ಲ. ಪಟ್ಟಿಯಲ್ಲಿ ಚಪ್ಪಲಿ ಎಂಬ ಹೆಸರಿರಲಿಲ್ಲ. ನಾನು ಚಪ್ಪಲಿಗೆಲ್ಲ ಬೂದು ಹಾಕಿದ್ದೆ. ಕಸ.

ಯಂತ್ರ ನೋಡಲಿಲ್ಲ ಎನ್ನಲು ನನಗೆ ಬಾಯಿಲ್ಲ. ನೋಡಬೇಡ ಎಂದು ಕಲಿಸಿದವಳು ನಾನು.

ಕಚೇರಿ ತಲುಪಿದಾಗ ನಾಲ್ಕು ಗಂಟೆ. ಶೀತಲ್ ಸರ್ ಕಾಕಾನನ್ನು ಕೂರಿಸಲಿಲ್ಲ. ಕೂರಬೇಡಿ ಎಂದೂ ಹೇಳಲಿಲ್ಲ. ಕೋಣೆಯಲ್ಲಿ ಎರಡೇ ಕುರ್ಚಿ ಇದ್ದವು. ಒಂದರಲ್ಲಿ ಅವರು, ಇನ್ನೊಂದರ ಮೇಲೆ ಅವರ ಬ್ಯಾಗು. ಲಾರಿಯ ಮುಂದಿನ ಕ್ಯಾಮೆರಾದ ದೃಶ್ಯವನ್ನು ಮೂರು ಸಲ ಓಡಿಸಿದರು. ಬ್ರೇಕ್ ಒತ್ತುವ ಹೊತ್ತಿಗೆ ಚಿತ್ರದಲ್ಲಿ ಮನುಷ್ಯರಿಲ್ಲ. ನಿಂತ ಮೇಲೆ ಒಟ್ಟಿಲು ಗಾಜಿನ ಕೆಳಗೆ ಮರೆಯಾಗಿತ್ತು. ಗೋಣಿಚೀಲದ ಒಂದು ತುದಿ ಮಾತ್ರ ಕಂಡಿತು.

"ನೋಡ್ರಿ ಮಲ್ಲಿಕಸಾಬ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ಇದ ಇಪ್ಪತ್ತೆರಡನೇ ತಾರೀಕಿಗೆ ಪುಣೆ ಹೆಡ್ ಆಫೀಸಿನಿಂದ ದೊಡ್ಡ ಸಾಹೇಬ್ರು ಬರಾಕತ್ತಾರ. ಯಂತ್ರಕ್ಕ ಮನಶಾ ಕಾಣಲಿಲ್ಲ ಅಂತ ಬರದ್ರ ಎಲ್ಲಾ ಬಂದ್ ಆಕ್ಕೈತಿ. ನಲವತ್ತು ಹುಡುಗ್ಯಾರ ಕೆಲಸ ಹೊಕ್ಕೈತಿ. ನೀವು ಒಂದ ಮಾತು ಬರದು ಕೊಡ್ರಿ. ತೂಕಡಿಕಿ ಬಂದಿತ್ತು, ಗಾಬರ್ಯಾಗಿ ಬ್ರೇಕ್ ಒತ್ತಿದೆ ಅಂತ. ಆಮ್ಯಾಲ ನಾನ ನಿಮ್ಮನ್ನ ಗೋಡೌನಿಗೆ ತಗೋತೇನಿ."

"ಅಲ್ಲಿ ಏನ ಮಾಡ್ಲಿ ಸಾಹೇಬ್ರ?"

"ಗೇಟ್ ತಗಿಯೂದು, ಹಾಕೂದು."

ಕಾಕಾ ನಕ್ಕರು. "ಗೇಟ್ ತಗಿಯಾಕ ಇನ್ನ ಯಂತ್ರ ಬಂದಿಲ್ಲೇನ್ರಿ?"

ಶೀತಲ್ ಸರ್ ನಗಲಿಲ್ಲ. ಕಾಗದ ಮುಂದೆ ತಳ್ಳಿದರು. ಮೊದಲೇ ಟೈಪ್ ಆಗಿತ್ತು. ಕೆಳಗೆ ಸಹಿಗೆ ಜಾಗ, ಪಕ್ಕದಲ್ಲಿ ಹೆಬ್ಬೆಟ್ಟಿನ ಶಾಯಿ. ಕಾಕಾನಿಗೆ ಸಹಿ ಬರುತ್ತದೆ. ಕೇಳಿಯೇ ಇರಲಿಲ್ಲ.

ಆ ಕಾಗದದ ಅರ್ಥ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ಓಡಿಸುವಾಗ ತೂಕಡಿಸುತ್ತೇನೆ ಎಂದು ಒಬ್ಬ ಡ್ರೈವರ್ ಬರೆದುಕೊಟ್ಟರೆ ಬೈಲಹೊಂಗಲದಿಂದ ಬೆಳಗಾವಿಯವರೆಗೆ ಯಾವ ಮಾಲೀಕನೂ ಅವನಿಗೆ ಲಾರಿ ಕೊಡುವುದಿಲ್ಲ. ಬರೆಯದಿದ್ದರೆ ಮೂರನೆಯ ಹಸ್ತಕ್ಷೇಪ. ಇವತ್ತೇ ಹೊರಗೆ.

"ಒಳಗಿನ ಕ್ಯಾಮೆರಾ ಐತಲ್ರಿ ಸರ್," ನಾನು ಹೇಳಿದೆ. "ಕಾಕಾನ ಕಣ್ಣು ತೆರದಿದ್ವು. ಅದನ್ನ ತಗದು ನೋಡ್ರಿ."

"ಅದು ನಮ್ಮ ಕೈಯಾಗಿಲ್ಲ. ಪುಣೆದವರ ಸ್ವತ್ತು."

"ಆಕಳಿಕಿ ಎಣಸಾಕ ನಮ್ಮ ಕೈಯಾಗಿತ್ತಲ್ರಿ?"

ಶೀತಲ್ ಸರ್ ಪೆನ್ನಿನ ಮುಚ್ಚಳ ತೆಗೆದು ಕಾಕಾನ ಕಡೆ ಹಿಡಿದರು. ಕಾಕಾ ಪೆನ್ನು ತೆಗೆದುಕೊಂಡರು. ಕಾಗದವನ್ನು ತುಟಿ ಅಲುಗಿಸುತ್ತ ಪೂರ್ತಿ ಓದಿದರು. ಮೇಲಿನಿಂದ ಮತ್ತೊಮ್ಮೆ ಓದಿದರು. ಅವರ ಮನೆಯಲ್ಲಿ ಹೆಂಡತಿ ರಾಜಮಾ ಇದ್ದಾರೆ, ಓದುವ ಮಗಳಿದ್ದಾಳೆ. ಸಹಿ ಹಾಕಿದರೂ ನಾನು ಅವರನ್ನು ದೂರುತ್ತಿರಲಿಲ್ಲ.

ಕಾಕಾ ಪೆನ್ನನ್ನು ಕಾಗದದ ಮೇಲೆ ಅಡ್ಡ ಇಟ್ಟರು.

"ನನ್ನ ತಮ್ಮ ತೂಕಡಿಸಿ ಸತ್ತಾನ್ರಿ. ಅವನ ಕಾಗದದಾಗ ಹಿಂಗ ಬರದಿದ್ರು. ಅದು ಖರೇ ಇತ್ತು. ನಾನ ಹೋಗಿ ಸಹಿ ಮಾಡೇನಿ. ಇಪ್ಪತ್ತೇಳು ವರ್ಷದಾಗ ನನ್ನ ಗಾಲಿಗೆ ಒಂದ ಕರು ಸತ್ತೈತಿ. ಅದೂ ಖರೇ. ಯಾರ ಕೇಳಿದ್ರೂ ಹೇಳತೇನಿ. ಇವತ್ತ ನಾ ಎಚ್ಚರ ಇದ್ದೆ. ಇದಕ್ಕ ಸಹಿ ಮಾಡೂದಿಲ್ಲ."

"ಹಂಗಾದ್ರ ನಾಳಿಂದ ಬರಬ್ಯಾಡ್ರಿ."

"ಬರೂದಿಲ್ರಿ. ಆದ್ರ ಯಾಕ ಬರಬ್ಯಾಡ ಅಂದ್ರಿ ಅನ್ನೂದನ್ನ ಖರೇ ಬರೀರಿ. ಎಚ್ಚರ ಇದ್ದ, ಅದಕ್ಕ ತಗದ್ವಿ ಅಂತ ಬರೀರಿ."

ಅವರು ಹೊರಗೆ ಹೋದರು. ಬಾಗಿಲು ಎಳೆದುಕೊಂಡರು. ಸದ್ದಾಗದಂತೆ.

ಶೀತಲ್ ಸರ್ ಬ್ಯಾಗು ಎತ್ತಿ ಕೆಳಗಿಟ್ಟರು. ನನಗೆ ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ.

"ನೀವು ಸೈನ್ಸ್ ಕಲತವರು. ಅವರಂಗ ಸಿಟ್ಟ ಮಾಡಬ್ಯಾಡ್ರಿ. ನಿಮಗ ಮನಶಾ ಕಂಡ್ರೇನು?"

"ಇಲ್ರಿ."

"ಪರದೆದಾಗ?"

"ಇಲ್ರಿ. ಚಪ್ಪಲಿ ಇದ್ವು."

ಅವರು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ನನ್ನ ಹೆಸರಿನಲ್ಲಿ ಹುಡುಕಿದ್ದರು. ಹುರಳಿ ಇದ್ದ 312 ಚಿತ್ರಗಳು. ಎಲ್ಲದರಲ್ಲೂ ದಂಡೆಯ ಚಪ್ಪಲಿ ಬೂದು.

"ಕಸ ಅಂತ ಹಾಕಿದವರು ಯಾರು? ನಾನಲ್ಲ. ಮ್ಯಾಲೆ ಹೋದ್ರ ನಿಮ್ಮ ಹೆಸರ ಬರ್ತೈತಿ. ಸುಮ್ಮನ ಕಾರಣ ಇಲ್ಲದ ಹಸ್ತಕ್ಷೇಪ ಅಂತ ಬರದು ಸಹಿ ಮಾಡ್ರಿ. ಮುಗೀತು."

ನಾನು ಆ 312ನ್ನು ನೋಡಿದೆ. ಚೌಕದೊಳಗೆ ಜೋಡಿ ಜೋಡಿ. ಬಾರು ಕಿತ್ತವು, ಹಿಮ್ಮಡಿ ಸವೆದವು, ಮಗುವಿನವು. ಒಂದೊಂದು ಜೋಡಿಯ ಹಿಂದೆ ಒಬ್ಬರು ಬಗ್ಗಿ ಕೂತಿದ್ದರು. ಅವರ ಮೇಲೆಲ್ಲ ನಾನು ಹಸಿರು ಬಳಿದಿದ್ದೆ.

"ಹೌದ್ರಿ ಸರ್. ನಾನ ಹಾಕೇನಿ. ತಪ್ಪ ಹಾಕೇನಿ. ಅದನ್ನೂ ಬರೀತೇನಿ."

"ಏನಂತ? ಒಟ್ಟಿಲ ಹಿಂದ ಮುದುಕಿ ಇದ್ಲು ಅಂತ? ಪುರಾವೆ ಏನೈತಿ? ಮಂದಿ ಮಾತು ರಿಪೋರ್ಟ್ ಆಗೂದಿಲ್ಲ. ಅಳತಿ ಬೇಕು."

"ಅಳತಿ ತರತೇನಿ."

"ನಾಳೆ ಸಂಜಿ ಐದಕ್ಕ ನನ್ನ ಮುಂದ ಇರಬೇಕು. ಇಲ್ಲಾಂದ್ರ ನೀವೂ ಬರೂದು ಬ್ಯಾಡ."

ಕೆಳಗೆ ಅಂಗಳದಲ್ಲಿ ಲಾರಿ ನಿಂತಿತ್ತು. ನಾನು ಹೋಗಿ ಮುಂಗಾಲಿ ನೆಲ ಮುಟ್ಟುವ ಬಿಂದುವಿನಿಂದ ಬಂಪರಿನ ತುದಿಯವರೆಗೆ ಅಳೆದುಕೊಂಡೆ. ನನ್ನಲ್ಲಿ ಟೇಪ್ ಇರಲಿಲ್ಲ. ದಾರ ಹಿಡಿದು ಗಂಟು ಹಾಕಿಕೊಂಡೆ. ಕಾವಲುಗಾರ ನಿಜಗುಣಪ್ಪ ಗೇಟಿನಿಂದ ಕೂಗಿದ. "ಏನ ಮಾಡಾಕತ್ತೀರಿ ಮೇಡಮ್ಮಾರ? ಲಾರಿಗೆ ಅಂಗಿ ಹೊಲಸ್ತೀರೇನು?"

ಮನೆಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ಅವ್ವ "ಚಪ್ಪಲಿನ ಕಸ ಅಂದ್ಯಾ?" ಎಂದು ಒಂದೇ ಸಲ ಕೇಳಿದಳು. ಬೆಳಿಗ್ಗೆ ಗ್ಯಾಂಗಿನ ಮೇಸ್ತ್ರಿಯ ಮನೆಗೆ ಹೋಗಿ ರಸ್ತೆ ಅಳೆಯುವ ಮೂವತ್ತು ಮೀಟರಿನ ಟೇಪ್ ಇಸಿದುಕೊಂಡು ಬಂದಳು. ಒಂದು ದಿನದ ಕೆಲಸ ಬಿಟ್ಟು ನನ್ನ ಜೊತೆ ಬಸ್ಸು ಹತ್ತಿದಳು. ಕಾಕಾ ಬಸ್ ಸ್ಟ್ಯಾಂಡಿನಲ್ಲೇ ನಿಂತಿದ್ದರು. ನಾನು ಕರೆದಿರಲಿಲ್ಲ.

ಡಿಸೆಂಬರ್ 17, ಬೆಳಿಗ್ಗೆ 10 ಗಂಟೆ 20 ನಿಮಿಷ. ಒಟ್ಟಿಲು ಅರ್ಧ ಕರಗಿತ್ತು. ತಾಯವ್ವ ಅಲ್ಲೇ ಇದ್ದಳು. ಟೈರಿನ ಕಪ್ಪು ಗೆರೆ ಡಾಂಬರಿನ ಮೇಲೆ ಸ್ಪಷ್ಟವಾಗಿತ್ತು. ಟೇಪಿನ ಒಂದು ತುದಿ ಅವ್ವ ಹಿಡಿದಳು, ಇನ್ನೊಂದು ನಾನು. ಕಾಕಾ ಎರಡೂ ಕಡೆಯ ಗಾಡಿಗಳನ್ನು ಕೈಯೆತ್ತಿ ನಿಲ್ಲಿಸಿದರು. ಗೆರೆಯ ಉದ್ದ 13 ಮೀಟರ್ 40 ಸೆಂಟಿಮೀಟರ್. ಎರಡು ಸಲ ಅಳೆದೆ. ಅದರ ಶುರುವಿನಲ್ಲಿ ಕಾಕಾನ ಎಚ್ಚರವಿತ್ತು. ನಾನು ಪರದೆ ನೋಡಿ ಯಾರೂ ಇಲ್ಲ ಎಂದ ಜಾಗ ಅದಕ್ಕೂ ಹಿಂದಿತ್ತು.

"ಯವ್ವಾ, ನಿನ್ನೆ ಎಲ್ಲಿ ಕುಂತಿದ್ದಿ, ಹಂಗ ಕುಂದ್ರು," ಎಂದು ತಾಯವ್ವಳನ್ನು ಕೇಳಿದೆ.

"ಮತ್ತ ಲಾರಿ ಬಿಡ್ತೀಯೇನು ನನ್ನ ಮ್ಯಾಲ?"

"ಇಲ್ಲಬೇ. ಅಳೀತೇನಿ."

"ಏನ ಅಳೀತಿ?"

"ನೀ ಇದ್ದಿ ಅನ್ನೂದನ್ನ."

ಅವಳು ಬಡಿಗೆಯಿಂದ ಡಾಂಬರಿನ ಮೇಲೆ ಬಿದ್ದ ಪೆಟ್ಟಿನ ಗುರುತು ತೋರಿಸಿದಳು. ಅದರ ಹಿಂದೆ ಸರಿಯಾಗಿ ಕೂತಳು. ಬಲ ಮೊಣಕಾಲು ಮುಂದೆ ಮಡಿಚಿ, ಎಡಗಾಲು ಚಾಚಿ. ಕೂತು ನಕ್ಕಳು. ಫೋಟೋ ತೆಗೆಯುತ್ತೇನೆ ಎಂದುಕೊಂಡು ಸೆರಗು ಸರಿಮಾಡಿಕೊಂಡಳು.

ಗೆರೆ ನಿಂತ ಕಡೆಯಿಂದ ಅವಳ ಮೊಣಕಾಲಿಗೆ 1 ಮೀಟರ್ 72 ಸೆಂಟಿಮೀಟರ್. ಮುಂಗಾಲಿಯಿಂದ ಬಂಪರಿಗೆ, ದಾರದ ಗಂಟನ್ನು ಟೇಪಿಗೆ ಹಿಡಿದು ನೋಡಿದಾಗ, 1 ಮೀಟರ್ 30 ಸೆಂಟಿಮೀಟರ್. ಕಳೆದೆ. ಅವ್ವನಿಗೆ ತೋರಿಸಿ ಮತ್ತೊಮ್ಮೆ ಕಳೆದೆ.

ಐದು ಗಂಟೆಗೆ ಕಾಯಲಿಲ್ಲ. ರಸ್ತೆಯ ದಂಡೆಯಲ್ಲೇ ಕೂತು ಟ್ಯಾಬ್ ತೆರೆದೆ. ಚಾಲಕ: ಎಚ್ಚರವಿದ್ದರು. ಯಂತ್ರ: ಒಟ್ಟಿಲನ್ನು ರಸ್ತೆ ಎಂದು ತಿಳಿಯಿತು. ಬಣ್ಣ ಹಾಕಿದವಳು: ಸಂಘಮಿತ್ರಾ, ತಪ್ಪು ನನ್ನದು, ಹಾಗೆ ಹಾಕಲು ಹೇಳಿದ್ದು ಕಚೇರಿ. ಕಾರಣದ ಕಾಲಂನಲ್ಲಿ ತಾಯವ್ವಳ ಹೆಸರು, ವಯಸ್ಸು, ಊರು ಬರೆದೆ. ಬಂಪರಿಗೂ ಅವಳ ಬಲ ಮೊಣಕಾಲಿಗೂ ನಡುವೆ ಉಳಿದ ದೂರ: 42 ಸೆಂಟಿಮೀಟರ್.